ತಡೆದಷ್ಟೂ ಉಕ್ಕುವ ಹಸಿವು

1944ರ ನವೆಂಬರಿನಲ್ಲಿ ಅಮೆರಿಕದ ಮಿನೆಸೋಟ ವಿಶ್ವವಿದ್ಯಾಲಯದ ಫುಟ್‌ಬಾಲ್ ಕ್ರೀಡಾಂಗಣದ ಗ್ಯಾಲರಿ ಕೆಳಗಿನ ಕೋಣೆಗಳಿಗೆ 36 ಯುವಕರು ಬಂದು ಸೇರಿದರು. ಮಹಾಯುದ್ಧದಲ್ಲಿ ಬಂದೂಕು ಹಿಡಿಯಲು ಆತ್ಮಸಾಕ್ಷಿ ಒಪ್ಪದೆ, ಅದರ ಬದಲು ಒಂದು ಪ್ರಯೋಗಕ್ಕೆ ತಮ್ಮ ಮೈಯನ್ನೇ ಒಡ್ಡಿಕೊಂಡವರು ಅವರು. ಬರಗಾಲಕ್ಕೆ ಸಿಕ್ಕಿ ಸೊರಗಿದ ಯುರೋಪಿನ ಜನರನ್ನು ಮತ್ತೆ ಊಟಕ್ಕೆ ಹೊಂದಿಸುವುದು ಹೇಗೆ ಎಂಬುದು ವಿಜ್ಞಾನಿ ಆನ್ಸೆಲ್ ಕೀಸ್ ಅವರ ಪ್ರಶ್ನೆಯಾಗಿತ್ತು. ಮೊದಲ ಮೂರು ತಿಂಗಳು ಹೊಟ್ಟೆ ತುಂಬ ಊಟ. ಆಮೇಲೆ ಆರು ತಿಂಗಳು ದಿನಕ್ಕೆ 1,600ಕ್ಕೂ ತುಸು ಕಡಿಮೆ ಕ್ಯಾಲೊರಿ, ಜೊತೆಗೆ ವಾರಕ್ಕೆ ಸುಮಾರು 35 ಕಿಲೋಮೀಟರ್ ನಡಿಗೆ. ಇವತ್ತು ಮೊಬೈಲಿನಿಂದ ಮೊಬೈಲಿಗೆ ಹರಿದಾಡುವ ತೂಕ ಇಳಿಸುವ ಚಾರ್ಟುಗಳಲ್ಲಿ ಹಲವು ಇದಕ್ಕಿಂತಲೂ ಕಡಿಮೆ ಊಟ ಹೇಳುತ್ತವೆ ಎಂಬುದನ್ನು ನೆನಪಿಟ್ಟು ಮುಂದೆ ಓದಿ.

ಮೈ ತೂಕದ ಕಾಲು ಭಾಗ ಕರಗಿದ್ದು ನಿರೀಕ್ಷಿತವೇ. ಮನಸ್ಸಿಗೆ ಆದದ್ದನ್ನು ಯಾರೂ ಊಹಿಸಿರಲಿಲ್ಲ. ಅಡುಗೆಯಲ್ಲಿ ಯಾವ ಆಸಕ್ತಿಯೂ ಇರದಿದ್ದ ಹುಡುಗರು ಅಡುಗೆ ಪುಸ್ತಕಗಳನ್ನು ಕೂಡಿಡತೊಡಗಿದರು. ಒಂದು ಬಟ್ಟಲು ಸೂಪನ್ನು ಗಂಟೆಗಟ್ಟಲೆ ಎಳೆದರು, ನೀರು ಬೆರೆಸಿ ಹೆಚ್ಚು ಮಾಡಿಕೊಂಡರು, ತಟ್ಟೆ ನೆಕ್ಕಿದರು. ಮಾತು ಕಡಿಮೆಯಾಯಿತು, ಸಿಡುಕು ಹೆಚ್ಚಾಯಿತು, ಪ್ರೀತಿ ಪ್ರೇಮದ ಯೋಚನೆಯೇ ಸತ್ತುಹೋಯಿತು. ಪ್ರಯೋಗ ಮುಗಿದು ಬೇಕಾದಷ್ಟು ತಿನ್ನಬಹುದು ಎಂದಾಗ ಕೆಲವರು ಹೊಟ್ಟೆ ಬಿರಿಯುವಂತೆ ತಿಂದರು. ತಿಂದು ಮುಗಿಸಿದ ಮೇಲೂ ಹಸಿವು ಹೋಗಿಲ್ಲ ಎಂದರು. ಇವರೆಲ್ಲ ದೇಹ, ಮನಸ್ಸು ಎರಡೂ ಗಟ್ಟಿಯಾಗಿವೆ ಎಂದು ಪರೀಕ್ಷಿಸಿ ಆರಿಸಿದ ಗಂಡಸರು. ಇಷ್ಟಪಟ್ಟೇ ಬಂದವರು.

ಊಟದ ಜೊತೆಗಿನ ಸಂಬಂಧ ಕೆಟ್ಟುಹೋದವರ ಬಗ್ಗೆ ಯಾರಾದರೂ 'ಬಾಯಿ ಚಪಲ', 'ಮನಸ್ಸು ಗಟ್ಟಿ ಇಲ್ಲ' ಎಂದಾಗಲೆಲ್ಲ ನನಗೆ ಈ 36 ಜನ ನೆನಪಾಗುತ್ತಾರೆ. ಮನಸ್ಸು ಗಟ್ಟಿ ಇದ್ದವರಿಗೇ ಹೀಗಾಯಿತಲ್ಲ! ದೇಹವನ್ನು ಅರೆಹೊಟ್ಟೆಯಲ್ಲಿಟ್ಟರೆ ಮನಸ್ಸು ಇಪ್ಪತ್ತನಾಲ್ಕು ಗಂಟೆ ಅನ್ನದ ಸುತ್ತಲೇ ಸುತ್ತುತ್ತದೆ. ಅದು ಚಾರಿತ್ರ್ಯದ ದೋಷವಲ್ಲ, ಬದುಕಿ ಉಳಿಯಲು ದೇಹ ಮಾಡಿಕೊಂಡ ವ್ಯವಸ್ಥೆ.

ಆದರೆ ಹಸಿವಿನಿಂದಲೇ ಎಲ್ಲವೂ ವಿವರಿಸಿ ಮುಗಿಯುವುದಿಲ್ಲ. 1975ರಲ್ಲಿ ಪೀಟರ್ ಹರ್ಮನ್ ಮತ್ತು ಡೆಬೊರಾ ಮ್ಯಾಕ್ ಎಂಬ ಸಂಶೋಧಕರು ಕಾಲೇಜು ಹುಡುಗಿಯರಿಗೆ ಮೊದಲು ಮಿಲ್ಕ್‌ಶೇಕ್ ಕುಡಿಸಿ, ಆಮೇಲೆ ಐಸ್‌ಕ್ರೀಂ ಮುಂದಿಟ್ಟು ರುಚಿ ನೋಡಿ ಹೇಳಿ ಎಂದರು. ಊಟದ ಬಗ್ಗೆ ತಲೆ ಕೆಡಿಸಿಕೊಳ್ಳದವರು ಮಿಲ್ಕ್‌ಶೇಕ್ ಕುಡಿದಷ್ಟೂ ಐಸ್‌ಕ್ರೀಂ ಕಡಿಮೆ ತಿಂದರು. ಸದಾ ಪಥ್ಯದಲ್ಲಿದ್ದವರು ತದ್ವಿರುದ್ಧ: ಮಿಲ್ಕ್‌ಶೇಕ್ ಕುಡಿದ ಮೇಲೆ ಐಸ್‌ಕ್ರೀಂ ಹೆಚ್ಚು ತಿಂದರು. ಹೇಗೂ ಇವತ್ತಿನ ನೇಮ ಕೆಟ್ಟಿತು, ಇನ್ನೇನು ಬಾಕಿ ಎಂಬ ಲೆಕ್ಕ. ಇದು ನಮ್ಮ ಮನೆಗಳಲ್ಲಿ ನಡೆಯುವುದನ್ನು ನೋಡಲು ಪ್ರಯೋಗಾಲಯ ಬೇಕಿಲ್ಲ. ಬೆಳಗ್ಗೆ ತಿಂಡಿ ಬಿಟ್ಟು, ಮಧ್ಯಾಹ್ನ ಸೌತೆಕಾಯಿ ತಿಂದು, ಸಂಜೆ ಕಚೇರಿಯಲ್ಲಿ ಯಾರದೋ ಹುಟ್ಟುಹಬ್ಬದ ಕೇಕು ಒಂದು ತುಂಡು ಬಾಯಿಗೆ ಹೋಯಿತೆಂದರೆ ರಾತ್ರಿ ಡಬ್ಬದಲ್ಲಿರುವ ಕೋಡುಬಳೆಯ ಕಥೆ ಮುಗಿದಂತೆ.

ಆ ರಾತ್ರಿಯನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಬಿಂಜ್ ಈಟಿಂಗ್ ಎಂದು ವೈದ್ಯರು ಕರೆಯುವ ಈ ಕಾಯಿಲೆಯನ್ನು ಅನುಭವಿಸಿದವರು ಹೇಳುವುದರಲ್ಲಿ ಆಶ್ಚರ್ಯವಾಗುವಷ್ಟು ಹೋಲಿಕೆ ಇರುತ್ತದೆ. ಮನೆಯವರೆಲ್ಲ ಮಲಗಿದ್ದಾರೆ. ದೀಪ ಹಾಕುವುದಿಲ್ಲ, ಫ್ರಿಜ್ಜಿನ ಬೆಳಕೇ ಸಾಕು. ತಟ್ಟೆ ತೆಗೆದುಕೊಳ್ಳುವುದಿಲ್ಲ, ನಿಂತೇ ತಿನ್ನುತ್ತಾರೆ. ತಣ್ಣಗಿನ ಅನ್ನ, ಅದರ ಮೇಲೆ ಉಪ್ಪಿನಕಾಯಿ, ಆಮೇಲೆ ಬಿಸ್ಕತ್ತು, ಆಮೇಲೆ ಮಗುವಿನ ಟಿಫಿನ್ನಿಗೆಂದು ಇಟ್ಟ ಬ್ರೆಡ್ಡು. ನಾಲ್ಕನೇ ತುತ್ತಿನಿಂದ ರುಚಿ ತಿಳಿಯುವುದಿಲ್ಲ. ಕೈ ಬಾಯಿಗೆ ಹೋಗುತ್ತಿದೆ ಅಷ್ಟೇ. ನಿಲ್ಲುವುದು ಹೊಟ್ಟೆ ನೋವು ಬಂದಾಗ. ಆಮೇಲೆ ನಾಚಿಕೆ, ಖಾಲಿ ಪೊಟ್ಟಣಗಳನ್ನು ಕಸದ ಬುಟ್ಟಿಯ ತಳಕ್ಕೆ ತುರುಕುವುದು, 'ನಾಳೆಯಿಂದ ಕಟ್ಟುನಿಟ್ಟು' ಎಂಬ ಶಪಥ. ಆ ಶಪಥವೇ ಮರುದಿನದ ಉಪವಾಸ, ಆ ಉಪವಾಸವೇ ಮತ್ತೊಂದು ರಾತ್ರಿಗೆ ಹಾಕಿದ ಅಡಿಪಾಯ.

ಟಾಡ್ ಹೆದರ್ಟನ್ ಮತ್ತು ರಾಯ್ ಬೌಮೈಸ್ಟರ್ ಎಂಬ ಮನೋವಿಜ್ಞಾನಿಗಳು 1991ರಲ್ಲಿ ಇದಕ್ಕೊಂದು ವಿವರಣೆ ಕೊಟ್ಟರು. ಹೀಗೆ ತಿನ್ನುವವರು ತಮ್ಮಿಂದಲೇ ತಪ್ಪಿಸಿಕೊಳ್ಳುತ್ತಿದ್ದಾರೆ. ತಮ್ಮ ಬಗ್ಗೆ ತಾವೇ ಇಟ್ಟುಕೊಂಡ ಎತ್ತರದ ಮಾನದಂಡ, ಅದನ್ನು ಮುಟ್ಟಲಾಗದ ನೋವು, 'ನಾನು ಯಾತಕ್ಕೂ ಬಾರದವಳು' ಎಂಬ ನಿರಂತರ ಗೊಣಗು ಇವೆಲ್ಲ ಸಹಿಸಲಾಗದಷ್ಟಾದಾಗ ಮನಸ್ಸು ಬಾಯಿ, ಹಲ್ಲು, ನುಂಗು ಎಂಬಷ್ಟಕ್ಕೇ ಕುಗ್ಗುತ್ತದೆ. ಆ ಹೊತ್ತಿಗೆ ನಾಳೆಯೂ ಇಲ್ಲ, ನಿನ್ನೆಯೂ ಇಲ್ಲ. ಇಪ್ಪತ್ತು ನಿಮಿಷದ ಬಿಡುಗಡೆ. ತಿನ್ನುವುದು ಇಲ್ಲಿ ಕಾಯಿಲೆಯ ಮೇಲ್ಮೈ; ಅದರ ಕೆಳಗಿರುವುದು ಅನುಭವಿಸಲಾಗದ ಒಂದು ಭಾವನೆ. ಹಾಗಿದ್ದ ಮೇಲೆ, ಫ್ರಿಜ್ಜಿಗೆ ಬೀಗ ಹಾಕುವುದರಿಂದ ಏನಾದೀತು?

ಸಾವಧಾನ ಮತ್ತು ಸ್ವೀಕಾರವನ್ನು ಆಧರಿಸಿದ ಚಿಕಿತ್ಸೆಗಳು ಕೈ ಹಾಕುವುದು ಇಲ್ಲಿಗೆ. ಭಾವನೆಯನ್ನು ಓಡಿಸುವ ಬದಲು, ಅದು ಇರುವಷ್ಟು ಹೊತ್ತು ಅದರ ಜೊತೆ ಕೂರುವುದನ್ನು ಕಲಿಸೋಣ ಎಂಬುದು ಅವುಗಳ ನಿಲುವು. ಈ ಪ್ರಯತ್ನ ಆಸ್ಪತ್ರೆಯೊಳಗೆ ಬಂದದ್ದು 1979ರಲ್ಲಿ. ಮ್ಯಾಸಚೂಸೆಟ್ಸ್‌ನ ವೂಸ್ಟರ್‌ನಲ್ಲಿ ಜಾನ್ ಕಬಟ್-ಝಿನ್ ಅವರು ವೈದ್ಯರು ಕೈಚೆಲ್ಲಿದ ದೀರ್ಘಕಾಲದ ನೋವಿನ ರೋಗಿಗಳಿಗಾಗಿ ತರಗತಿ ಶುರು ಮಾಡಿದರು. ಬೌದ್ಧ ಧ್ಯಾನದಿಂದ, ಹಠಯೋಗದಿಂದ ತೆಗೆದುಕೊಂಡದ್ದನ್ನು ಅವರು ಯಾವ ಮತದ ಹೆಸರೂ ಹಚ್ಚದೆ ಕೊಟ್ಟರು. ನೋವು ಹೋಗುತ್ತದೆ ಎಂಬ ಭರವಸೆ ಕೊಡಲಿಲ್ಲ. ನೋವಿನ ಜೊತೆ ಬೇರೆ ರೀತಿಯಲ್ಲಿ ಬದುಕಬಹುದು ಎಂದರು.

ಆ ತರಗತಿಯ ಒಂದು ಅಭ್ಯಾಸ ಲೋಕಪ್ರಸಿದ್ಧ. ಅಂಗೈಯಲ್ಲಿ ಒಂದೇ ಒಂದು ಒಣದ್ರಾಕ್ಷಿ ಇಡುತ್ತಾರೆ. ಅದನ್ನು ಹಿಂದೆಂದೂ ನೋಡಿಯೇ ಇಲ್ಲವೆಂಬಂತೆ ನೋಡಬೇಕು. ಸುಕ್ಕುಗಳ ನಡುವಿನ ಕಪ್ಪು, ಬೆಳಕಿಗೆ ಹಿಡಿದರೆ ಕಾಣುವ ಕಂದು, ತೊಟ್ಟು ಇದ್ದ ಕಡೆಯ ಸಣ್ಣ ಗುಳಿ. ಮೂಗಿನ ಹತ್ತಿರ ತಂದಾಗಲೇ ಬಾಯಲ್ಲಿ ನೀರು ಬರುವುದು ತಿಳಿಯುತ್ತದೆ. ನಾಲಿಗೆಯ ಮೇಲಿಟ್ಟು, ಕಚ್ಚದೆ ತಡೆಯುವಾಗ ದವಡೆಯಲ್ಲಿ ಏಳುವ ಅವಸರ ತಿಳಿಯುತ್ತದೆ. ಒಮ್ಮೆ ಕಚ್ಚಿದ ಮೇಲೆ ಸಿಹಿ ಹರಡುವುದು, ಅಗಿದಂತೆ ಅದು ಇಳಿಯುವುದು, ನುಂಗಿದ ಮೇಲೆ ಬಾಯಿ ಇನ್ನೊಂದಕ್ಕೆ ಕಾಯುವುದು. ಹಿಡಿ ತುಂಬ ಬಾಯಿಗೆ ಸುರಿದುಕೊಳ್ಳುತ್ತಿದ್ದವರಿಗೆ ಒಂದರಲ್ಲಿ ಇಷ್ಟೆಲ್ಲ ಇದೆ ಎಂಬುದೇ ಹೊಸ ಸುದ್ದಿ.

ಇಂಡಿಯಾನ ಸ್ಟೇಟ್ ವಿಶ್ವವಿದ್ಯಾಲಯದ ಜೀನ್ ಕ್ರಿಸ್ಟೆಲರ್ ಇದನ್ನೇ ಬಿಂಜ್ ಕಾಯಿಲೆಗೆ ಬೆಳೆಸಿದರು. 1999ರಲ್ಲಿ ಪ್ರಕಟವಾದ ಅವರ ಮೊದಲ ಅಧ್ಯಯನದಲ್ಲಿದ್ದವರು 18 ಮಹಿಳೆಯರು ಮಾತ್ರ. ಅವರ ತರಗತಿಯಲ್ಲಿ ಒಣದ್ರಾಕ್ಷಿಯ ನಂತರ ಚೀಸ್ ಮತ್ತು ಬಿಸ್ಕತ್ತು ಬರುತ್ತದೆ, ಆಮೇಲೆ ಸಿಹಿತಿಂಡಿ, ಕೊನೆಗೆ ಎಲ್ಲರೂ ತಂದ ಅಡುಗೆಯ ಊಟ. ಹೆದರಿಕೆ ಹುಟ್ಟಿಸುವ ತಿಂಡಿಯನ್ನೇ ಎದುರಿಗಿಟ್ಟು, ಗುಂಪಿನ ನಡುವೆ ಕೂತು, ನಿಧಾನವಾಗಿ ತಿನ್ನುವುದು. ಕಚ್ಚುವ ಮುಂಚೆ ಒಂದು ಪ್ರಶ್ನೆ: ಹೊಟ್ಟೆಯ ಹಸಿವು ಒಂದರಿಂದ ಹತ್ತರೊಳಗೆ ಎಷ್ಟು? ಈ ಸಂಖ್ಯೆ ನಿಮಗೆ ಹೇಗೆ ಗೊತ್ತಾಯಿತು? ಎಷ್ಟೋ ಜನರಿಗೆ ಉತ್ತರ ಹೊಳೆಯುವುದಿಲ್ಲ. ವರ್ಷಗಟ್ಟಲೆ ಚಾರ್ಟು, ಗಡಿಯಾರ, ತೂಕದ ಯಂತ್ರ ನೋಡಿ ತಿಂದವರಿಗೆ ತಮ್ಮ ಹೊಟ್ಟೆಯ ಮಾತು ಕೇಳುವುದೇ ನಿಂತುಹೋಗಿರುತ್ತದೆ. ಇನ್ನೊಂದು ಅಭ್ಯಾಸವೆಂದರೆ ನಾಲಿಗೆ ದಣಿಯುವುದನ್ನು ಗಮನಿಸುವುದು. ಮೈಸೂರು ಪಾಕಿನ ಮೊದಲ ಎರಡು ತುತ್ತಿನ ರುಚಿ ಏಳನೆಯದರಲ್ಲಿ ಇರುವುದಿಲ್ಲ. ಇದನ್ನು ಯಾರೋ ಉಪದೇಶ ಮಾಡಿದರೆ ಪ್ರಯೋಜನವಿಲ್ಲ. ಸ್ವಂತ ನಾಲಿಗೆಯೇ ಹೇಳಬೇಕು.

2014ರಲ್ಲಿ ಕ್ರಿಸ್ಟೆಲರ್ ಮತ್ತು ಸಂಗಡಿಗರು 150 ಜನರ ದೊಡ್ಡ ಅಧ್ಯಯನ ಪ್ರಕಟಿಸಿದರು. ಬಿಂಜ್ ಕಾಯಿಲೆ ಇದ್ದವರಲ್ಲಿ, ಈ ತರಬೇತಿ ಮುಗಿಸಿದ ನಾಲ್ಕು ತಿಂಗಳ ನಂತರ ನೂರಕ್ಕೆ 95 ಮಂದಿಯ ಸ್ಥಿತಿ ಕಾಯಿಲೆಯ ಲಕ್ಷಣಗಳಿಗೆ ಹೊಂದುತ್ತಿರಲಿಲ್ಲ. ತಿಳಿವಳಿಕೆ ಮತ್ತು ವರ್ತನೆಯ ಬದಲಾವಣೆಗೆ ಒತ್ತು ಕೊಟ್ಟ ಇನ್ನೊಂದು ಗುಂಪಿನಲ್ಲಿ ಆ ಪ್ರಮಾಣ 76. ಅಂತರವಿದೆ, ಆದರೆ ಎರಡನೆಯ ಗುಂಪಿಗೂ ಒಳ್ಳೆಯ ಫಲವೇ ಸಿಕ್ಕಿದೆ ಎಂಬುದನ್ನು ಮುಚ್ಚಿಡಬಾರದು. ಧ್ಯಾನವೊಂದೇ ದಾರಿ ಎನ್ನುವವರು ಈ ಎರಡನೆಯ ಸಂಖ್ಯೆಯನ್ನು ಹೇಳುವುದಿಲ್ಲ.

ಸರಿ, ತರಗತಿಯಲ್ಲಿ ಗುರು ಇರುತ್ತಾರೆ. ರಾತ್ರಿ ಹನ್ನೊಂದಕ್ಕೆ, ಅಡುಗೆಮನೆಯ ಬಾಗಿಲಲ್ಲಿ ಒಬ್ಬರೇ ನಿಂತಾಗ? ಸಿಯಾಟಲ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ಕುಡಿತದ ಚಟದ ಮೇಲೆ ಕೆಲಸ ಮಾಡಿದ ಅಲನ್ ಮಾರ್ಲಟ್ ಕೊಟ್ಟ ಒಂದು ಉಪಾಯ ಇಲ್ಲಿ ಬಳಕೆಗೆ ಬರುತ್ತದೆ. ಬಯಕೆಯನ್ನು ಅವರು ಸಮುದ್ರದ ಅಲೆಗೆ ಹೋಲಿಸಿದರು. ಅದು ಏರುತ್ತಿರುವಾಗ ಹೀಗೇ ಏರುತ್ತಲೇ ಹೋಗುತ್ತದೆ, ಒಪ್ಪಿಕೊಳ್ಳದಿದ್ದರೆ ಸತ್ತೇ ಹೋಗುತ್ತೇನೆ ಎನಿಸುತ್ತದೆ. ವಾಸ್ತವದಲ್ಲಿ ಅದು ಒಂದು ಎತ್ತರ ಮುಟ್ಟಿ ತಾನಾಗಿ ಇಳಿಯುತ್ತದೆ. ಪ್ರತಿ ಸಲ ಅದು ಏರುವಾಗಲೇ ಶರಣಾದವರು ಇಳಿಯುವುದನ್ನು ನೋಡಿಯೇ ಇರುವುದಿಲ್ಲ. ಹಾಗಾಗಿ ಕೆಲಸ ಇಷ್ಟೇ: ಕೂರುವುದು, ಬಯಕೆ ಮೈಯಲ್ಲಿ ಎಲ್ಲಿದೆ ಎಂದು ಹುಡುಕುವುದು. ಗಂಟಲಲ್ಲಿ ಬಿಗಿತವೇ? ಎದೆಯಲ್ಲಿ ಖಾಲಿತನವೇ? ಕೈಬೆರಳಲ್ಲಿ ಚಡಪಡಿಕೆಯೇ? ಅದು ಹೆಚ್ಚುತ್ತಿದೆಯೇ, ಕಡಿಮೆಯಾಗುತ್ತಿದೆಯೇ? ಅದನ್ನು ತಳ್ಳಬೇಡಿ, ಅದು ಹೇಳಿದಂತೆ ಕೇಳಲೂ ಬೇಡಿ. ಹತ್ತು ನಿಮಿಷ ಆದ ಮೇಲೂ ತಿನ್ನಬೇಕು ಎನಿಸಿದರೆ ದೀಪ ಹಾಕಿ, ತಟ್ಟೆಗೆ ಬಡಿಸಿಕೊಂಡು, ಕೂತು ತಿನ್ನಿ. ಅದು ಸೋಲಲ್ಲ. ಕತ್ತಲಲ್ಲಿ ನಿಂತು ತಿನ್ನುವುದಕ್ಕೂ ಇದಕ್ಕೂ ಬಹಳ ವ್ಯತ್ಯಾಸವಿದೆ.

ಸ್ವೀಕಾರ ಎಂದ ಕೂಡಲೇ ಕನ್ನಡದ ಓದುಗರಿಗೆ, ಅದರಲ್ಲೂ ಹೆಣ್ಣುಮಕ್ಕಳಿಗೆ, ಒಂದು ಹಳೆಯ ಉಪದೇಶ ಕಿವಿಗೆ ಬಿದ್ದಂತಾಗಬಹುದು: ಸಹಿಸಿಕೊಳ್ಳಮ್ಮ, ಹೊಂದಿಕೊಂಡು ಹೋಗು, ಎಲ್ಲರ ಮನೆಯಲ್ಲೂ ಇದ್ದದ್ದೇ. ಈ ಚಿಕಿತ್ಸೆಗಳು ಹೇಳುವುದು ಅದನ್ನಲ್ಲ ಎಂದು ನಾನು ಒತ್ತಿ ಹೇಳಬೇಕು. ನನ್ನೊಳಗೆ ಈಗ ಎದ್ದಿರುವ ದುಃಖ, ಭಯ, ಅವಮಾನ ಇದೆ ಎಂದು ಒಪ್ಪಿಕೊಳ್ಳುವುದು ಬೇರೆ. ಆ ಅವಮಾನ ಮಾಡಿದವನನ್ನು ಒಪ್ಪಿಕೊಳ್ಳುವುದು ಬೇರೆ. ಊಟದ ಹೊತ್ತಿಗೆ ಹೆಂಡತಿಯ ತೂಕ ಆಡಿಕೊಳ್ಳುವ ಗಂಡನ ಮಾತನ್ನು ಸಹಿಸಬೇಕೆಂದು ಯಾವ ಚಿಕಿತ್ಸೆಯೂ ಹೇಳುವುದಿಲ್ಲ. ಒಳಗಿನ ನೋವನ್ನು ಕೋಡುಬಳೆಯಿಂದ ಮುಚ್ಚದೆ ನೇರವಾಗಿ ನೋಡಿದವಳಿಗೇ 'ಇನ್ನು ಮುಂದೆ ಹೀಗೆ ಮಾತಾಡಬೇಡಿ' ಎನ್ನುವ ಬಲ ಬರುವುದು.

ಸ್ವೀಕಾರ, ಬದಲಾವಣೆ ಎರಡನ್ನೂ ಒಂದೇ ಚಿಕಿತ್ಸೆಯಲ್ಲಿ ಸೇರಿಸಿದವರು ಮಾರ್ಷಾ ಲೈನ್‌ಹ್ಯಾನ್. ಆತ್ಮಹತ್ಯೆಯ ಯೋಚನೆಯಲ್ಲೇ ಬದುಕುತ್ತಿದ್ದವರಿಗಾಗಿ ಅವರು ರೂಪಿಸಿದ ಡಿಬಿಟಿ (ಡಯಲೆಕ್ಟಿಕಲ್ ಬಿಹೇವಿಯರ್ ಥೆರಪಿ) ಎಂಬ ಚಿಕಿತ್ಸೆಯ ಕೈಪಿಡಿ 1993ರಲ್ಲಿ ಬಂತು. 'ನೀವು ಬದಲಾಗಬೇಕು' ಎಂದಷ್ಟೇ ಹೇಳಿದರೆ ರೋಗಿಗಳಿಗೆ ತಪ್ಪೆಲ್ಲ ತಮ್ಮದೇ ಎಂದಂತಾಗುತ್ತಿತ್ತು. 'ನೀವಿರುವಂತೆಯೇ ಸರಿ' ಎಂದಷ್ಟೇ ಹೇಳಿದರೆ, ಹಾಗಾದರೆ ಈ ನರಕ ಹೀಗೇ ಇರುತ್ತದೆಯೇ ಎಂದು ಕೈಚೆಲ್ಲುತ್ತಿದ್ದರು. ಎರಡನ್ನೂ ಒಟ್ಟಿಗೆ ಹೇಳಬೇಕಾಯಿತು. 2011ರಲ್ಲಿ ಲೈನ್‌ಹ್ಯಾನ್ ತಮ್ಮ ಬದುಕಿನ ಒಂದು ಸತ್ಯ ಬಿಚ್ಚಿಟ್ಟರು. ಹದಿನೇಳನೇ ವಯಸ್ಸಿನಲ್ಲಿ ಹಾರ್ಟ್‌ಫರ್ಡ್‌ನ ಮನೋರೋಗ ಆಸ್ಪತ್ರೆ ಸೇರಿ ಎರಡು ವರ್ಷಕ್ಕೂ ಹೆಚ್ಚು ಕಾಲ ಅಲ್ಲಿದ್ದವರು ಅವರು. ತಮ್ಮನ್ನು ತಾವೇ ಸುಟ್ಟುಕೊಂಡು, ಕೊಯ್ದುಕೊಂಡು ನರಳಿದವರು. ಅದನ್ನು ಹೇಳಿದ್ದು ಅದೇ ಆಸ್ಪತ್ರೆಯಲ್ಲಿ, ಜನರ ಮುಂದೆ ನಿಂತು. ಮನಸ್ಸಿನ ಕಾಯಿಲೆಯನ್ನು ಬೀರುವಿನಲ್ಲಿ ಮುಚ್ಚಿಡುವ ನಮಗೆಲ್ಲ ಆ ಧೈರ್ಯದಿಂದ ಕಲಿಯುವುದು ಇದೆ.

ಡಿಬಿಟಿಯನ್ನು ಬಿಂಜ್ ಕಾಯಿಲೆಗೆ ಅಳವಡಿಸಿ ಕ್ರಿಸ್ಟಿ ಟೆಲ್ಚ್, ಸ್ಟೂವರ್ಟ್ ಆಗ್ರಸ್ ಮತ್ತು ಲೈನ್‌ಹ್ಯಾನ್ 2001ರಲ್ಲಿ 44 ಮಹಿಳೆಯರ ಅಧ್ಯಯನ ಪ್ರಕಟಿಸಿದರು. ಇಪ್ಪತ್ತು ವಾರ ಮುಗಿದಾಗ ಚಿಕಿತ್ಸೆ ಪಡೆದವರಲ್ಲಿ ನೂರಕ್ಕೆ 89 ಮಂದಿ ಬಿಂಜ್ ಬಿಟ್ಟಿದ್ದರು. ಆರು ತಿಂಗಳ ನಂತರ ಕೇಳಿದಾಗ ಆ ಸಂಖ್ಯೆ 56ಕ್ಕೆ ಇಳಿದಿತ್ತು. ಎರಡನೆಯ ಸಂಖ್ಯೆ ನೋಡಿ ನಿರಾಶರಾಗುವುದಕ್ಕಿಂತ, ಒಮ್ಮೆ ಗುಣವಾದವರು ಮತ್ತೆ ಜಾರುವುದು ಸಾಮಾನ್ಯ, ಜಾರಿದಾಗ ಮತ್ತೆ ಚಿಕಿತ್ಸಕರ ಬಳಿ ಹೋಗುವುದಕ್ಕೆ ನಾಚಬೇಕಿಲ್ಲ ಎಂದು ತಿಳಿಯುವುದು ಒಳ್ಳೆಯದು.

ಈ ಬಗೆಯ ಚಿಕಿತ್ಸೆಗಳಲ್ಲಿ ಮೂರನೆಯದು ಎಸಿಟಿ (ಆಕ್ಸೆಪ್ಟೆನ್ಸ್ ಅಂಡ್ ಕಮಿಟ್‌ಮೆಂಟ್ ಥೆರಪಿ), ನೆವಾಡ ವಿಶ್ವವಿದ್ಯಾಲಯದ ಸ್ಟೀವನ್ ಹೇಸ್ ಮತ್ತು ಸಂಗಡಿಗರದು. ಸಹೋದ್ಯೋಗಿಗಳ ಸಭೆಯಲ್ಲಿ ಬಾಯಿ ತೆರೆದರೂ ಮಾತು ಹೊರಡದಂತೆ ಮಾಡಿದ ಆತಂಕದ ದಾಳಿಯಿಂದ ತಮ್ಮ ಹುಡುಕಾಟ ಶುರುವಾಯಿತೆಂದು ಹೇಸ್ ಹಲವೆಡೆ ಹೇಳಿಕೊಂಡಿದ್ದಾರೆ. ಅವರ ಚಿಕಿತ್ಸೆಯಲ್ಲಿ ಯೋಚನೆಯ ಜೊತೆ ವಾದ ಮಾಡುವುದಿಲ್ಲ. 'ನಾನು ಅಸಹ್ಯವಾಗಿದ್ದೇನೆ' ಎಂಬ ಯೋಚನೆ ಬಂದರೆ, ಇಲ್ಲ ನೀನು ಚೆಂದ ಇದ್ದೀಯ ಎಂದು ಸಮಾಧಾನ ಹೇಳುವುದಿಲ್ಲ. ಅದನ್ನೇ 'ನಾನು ಅಸಹ್ಯವಾಗಿದ್ದೇನೆ ಎಂಬ ಯೋಚನೆ ನನಗೀಗ ಬರುತ್ತಿದೆ' ಎಂದು ಹೇಳಿಸುತ್ತಾರೆ. ಹೇಳಿ ನೋಡಿ. ಮೊದಲನೆಯದು ತೀರ್ಪು, ಎರಡನೆಯದು ವರದಿ. ಆಮೇಲೆ ಕೇಳುವ ಪ್ರಶ್ನೆ: ಈ ಯೋಚನೆ ಇದ್ದಂತೆಯೇ, ನಿಮಗೆ ಮುಖ್ಯವಾದ ಯಾವ ಕೆಲಸವನ್ನು ಇವತ್ತು ಮಾಡುತ್ತೀರಿ? ಮದುವೆಗೆ ಹೋಗಬೇಕು, ಆದರೆ ಸೀರೆ ಉಟ್ಟರೆ ದಪ್ಪ ಕಾಣುತ್ತೇನೆಂಬ ಹೆದರಿಕೆ. ಹೆದರಿಕೆ ಹೋಗುವವರೆಗೆ ಕಾಯುತ್ತಾ ಕೂತರೆ ಗೆಳತಿಯ ಮದುವೆ ಮುಗಿದಿರುತ್ತದೆ.

ಈಗ ಎಚ್ಚರಿಕೆಯ ಮಾತು. ಇದನ್ನು ಬರೆಯದಿದ್ದರೆ ಮೇಲಿನದೆಲ್ಲ ಅಪಾಯಕಾರಿ.

ಊಟವನ್ನೇ ಬಿಟ್ಟು ಮೈ ಸೊರಗಿಸಿಕೊಳ್ಳುವ ಅನೊರೆಕ್ಸಿಯ ಕಾಯಿಲೆಗೆ ಧ್ಯಾನ ಮೊದಲ ಮದ್ದಲ್ಲ. ಮನಸ್ಸಿನ ಕಾಯಿಲೆಗಳಲ್ಲೇ ಅತಿ ಹೆಚ್ಚು ಸಾವು ತರುವವುಗಳಲ್ಲಿ ಅದೊಂದು. ಅಲ್ಲಿ ಮೊದಲು ಬೇಕಾದದ್ದು ಆಹಾರ, ಅದೂ ವೈದ್ಯರ ಕಣ್ಣೆದುರು. ಬಹಳ ದಿನ ಹಸಿದ ದೇಹಕ್ಕೆ ಒಮ್ಮೆಲೇ ಉಣ್ಣಿಸಿದರೂ ಪ್ರಾಣಾಪಾಯ. ತಿಂದದ್ದನ್ನು ಬೇಕೆಂದೇ ವಾಂತಿ ಮಾಡುವವರಲ್ಲಿ ರಕ್ತದ ಪೊಟ್ಯಾಷಿಯಂ ಕುಸಿದು ಹೃದಯದ ಬಡಿತವೇ ತಪ್ಪಬಹುದು. ಅವರಿಗೆ ರಕ್ತಪರೀಕ್ಷೆ ಬೇಕು. ಮಿನೆಸೋಟದ ಪಾಠವನ್ನು ಮರೆಯಬೇಡಿ: ಹೊತ್ತಿಗೆ ಸರಿಯಾಗಿ ಊಟ ಸಿಗದ ದೇಹದ ಹಸಿವು ಉಸಿರನ್ನು ಗಮನಿಸಿದರೆ ಇಳಿಯುವುದಿಲ್ಲ, ಇಳಿಯಲೂ ಬಾರದು. ಬಿಂಜ್ ಕಾಯಿಲೆಯಲ್ಲೂ ದಿನಕ್ಕೆ ಮೂರು ಊಟ, ನಡುವೆ ತಿಂಡಿ ಎಂಬ ಕ್ರಮ ಮೊದಲು ಬರಬೇಕು. ಆಕ್ಸ್‌ಫರ್ಡಿನ ಕ್ರಿಸ್ಟೋಫರ್ ಫೇರ್‌ಬರ್ನ್ ರೂಪಿಸಿದ ವರ್ತನೆಯ ಚಿಕಿತ್ಸೆಯ ಬೆನ್ನೆಲುಬೇ ಇದು. ಬ್ರಿಟನ್ನಿನ ಆರೋಗ್ಯ ಮಾರ್ಗಸೂಚಿ ಬಿಂಜ್ ಕಾಯಿಲೆಗೂ, ವಿಪರೀತ ತಿಂದು ಅದನ್ನು ಹೊರಹಾಕುವ ಬುಲಿಮಿಯ ಕಾಯಿಲೆಗೂ ಇವತ್ತಿಗೂ ಮುಂದಿಡುವುದು ಈ ಬಗೆಯ ಚಿಕಿತ್ಸೆಯನ್ನೇ.

ಹತ್ತು ದಿನಗಳ ಮೌನ ಶಿಬಿರಕ್ಕೆ ಹೋಗುವ ಯೋಚನೆ ಇರುವವರಿಗೂ ಒಂದು ಮಾತು. ಅಲ್ಲಿ ಸಂಜೆಯ ಊಟ ಇರುವುದಿಲ್ಲ, ಮಾತಿಗೆ ಯಾರೂ ಇರುವುದಿಲ್ಲ. ಊಟದ ಕಾಯಿಲೆಯಿಂದ ಬಳಲುವವರಿಗೆ ಅದು ಉಪವಾಸದ ಹಳೆಯ ದಾರಿಯೇ ಮತ್ತೆ ತೆರೆದಂತೆ ಆಗಬಹುದು. ಅರ್ಜಿಯಲ್ಲಿ ಮಾನಸಿಕ ಆರೋಗ್ಯದ ಬಗ್ಗೆ ಕೇಳುತ್ತಾರೆ, ದಯವಿಟ್ಟು ಮುಚ್ಚಿಡಬೇಡಿ. ಇನ್ನು 'ಸಾವಧಾನವಾಗಿ ಉಂಡು ತೆಳ್ಳಗಾಗಿ' ಎಂದು ಮಾರುವವರಿಗೆ ಬಾಗಿಲು ಮುಚ್ಚಿ. ತೂಕ ಇಳಿಸುವುದು ಈ ಚಿಕಿತ್ಸೆಗಳ ಗುರಿಯಲ್ಲ, ಅಧ್ಯಯನಗಳಲ್ಲಿ ತೂಕ ಅಷ್ಟೇನೂ ಬದಲಾಗುವುದೂ ಇಲ್ಲ. ತೂಕವನ್ನೇ ಗುರಿ ಮಾಡಿಕೊಂಡ ಗಳಿಗೆಯಲ್ಲಿ ಸಾವಧಾನವೂ ಮತ್ತೊಂದು ಪಥ್ಯವಾಗುತ್ತದೆ.

ಇದೆಲ್ಲ ಅಮೆರಿಕದ ಶ್ರೀಮಂತರ ಕಾಯಿಲೆ, ನಮಗೇಕೆ ಎನ್ನುವವರಿದ್ದಾರೆ. ಬೆಂಗಳೂರಿನ ಮನೋವೈದ್ಯರನ್ನೇ ಕೇಳಿ ನಡೆಸಿದ ಒಂದು ಸಮೀಕ್ಷೆಯನ್ನು ನಿಮ್ಹಾನ್ಸ್‌ನ ಪ್ರಭಾ ಚಂದ್ರ ಮತ್ತು ಸಂಗಡಿಗರು 2012ರಲ್ಲಿ ಪ್ರಕಟಿಸಿದರು. ಉತ್ತರಿಸಿದ 66 ಮನೋವೈದ್ಯರಲ್ಲಿ ಮೂರನೇ ಎರಡರಷ್ಟು ಮಂದಿ ಇಂಥ ಒಬ್ಬ ರೋಗಿಯನ್ನಾದರೂ ನೋಡಿದ್ದರು. ವೈದ್ಯರವರೆಗೆ ಹೋಗದವರ ಲೆಕ್ಕ ಇದರಲ್ಲಿ ಇಲ್ಲ. ಹೋಗುವುದಾದರೂ ಹೇಗೆ? ಹೆಚ್ಚು ತಿನ್ನುವುದು ನಮ್ಮಲ್ಲಿ ತಮಾಷೆ, ಕಡಿಮೆ ತಿನ್ನುವುದು ಶಿಸ್ತು. ಎರಡನ್ನೂ ಕಾಯಿಲೆ ಎಂದು ನೋಡುವ ಕಣ್ಣು ಇನ್ನೂ ಬಂದಿಲ್ಲ. ನೆಂಟರ ಮನೆಯಲ್ಲಿ ಕುಶಲ ವಿಚಾರಿಸುವ ಮುಂಚೆ 'ಏನೇ, ದಪ್ಪ ಆದಂಗಿದ್ದೀಯ' ಎನ್ನುತ್ತೇವೆ. ಹದಿಮೂರು ವರ್ಷದ ಹುಡುಗಿ ಆ ಒಂದು ಮಾತಿನಿಂದ ಊಟ ಬಿಡಲು ಶುರು ಮಾಡಬಹುದು. ಹುಡುಗರಿಗೂ ಇದು ತಪ್ಪಿದ್ದಲ್ಲ. ಮಿನೆಸೋಟದ 36 ಮಂದಿಯೂ ಗಂಡಸರೇ ಆಗಿದ್ದರು. ಮಕ್ಕಳ ತಟ್ಟೆಯ ಬಗ್ಗೆಯೂ ಮೈಯ ಬಗ್ಗೆಯೂ ಮಾತಾಡುವುದನ್ನು ಈ ವಾರದಿಂದಲೇ ನಿಲ್ಲಿಸಿ ಎಂದು ಮನೆಯ ಹಿರಿಯರಲ್ಲಿ ನನ್ನ ಕಳಕಳಿಯ ವಿನಂತಿ.

ಈ ಕಾಲಂ ಓದುತ್ತಾ ಇದು ನನ್ನದೇ ಕಥೆ ಎನಿಸಿದವರಿಗೆ: ನಿಮ್ಮ ವೈದ್ಯರು ತಾವಾಗಿ ಇದನ್ನು ಕೇಳುವುದು ಅಪರೂಪ. ಗ್ಯಾಸ್ಟ್ರಿಕ್ಕು, ಸುಸ್ತು, ಮುಟ್ಟು ತಪ್ಪಿದ್ದು ಎಂದು ಹೇಳಿ ಮಾತ್ರೆ ತೆಗೆದುಕೊಂಡು ಬರಬೇಡಿ. 'ಡಾಕ್ಟ್ರೇ, ತಿನ್ನೋಕೆ ಶುರು ಮಾಡಿದ್ರೆ ನಿಲ್ಲಿಸೋಕೆ ಆಗ್ತಿಲ್ಲ' ಎಂದೋ, 'ಊಟ ಕಂಡ್ರೆ ಭಯ ಆಗುತ್ತೆ' ಎಂದೋ, 'ತಿಂದದ್ದನ್ನ ನಾನೇ ಕಕ್ತೀನಿ' ಎಂದೋ ಇದ್ದದ್ದನ್ನು ಇದ್ದ ಹಾಗೆ ಹೇಳಿ. ಎದುರಿಗೆ ಹೇಳಲು ಬಾಯಿ ಬರದಿದ್ದರೆ 14416ಕ್ಕೆ ಫೋನ್ ಮಾಡಿ. ಅದು ಕೇಂದ್ರ ಸರ್ಕಾರದ ಟೆಲಿ ಮನಸ್ ಸಹಾಯವಾಣಿ. 2022ರ ಅಕ್ಟೋಬರ್ 10ರಂದು ಶುರುವಾಯಿತು, ನಿಮ್ಹಾನ್ಸ್ ಅದರ ಮುಖ್ಯ ಕೇಂದ್ರ. ಹಗಲು ರಾತ್ರಿ ನಡೆಯುತ್ತದೆ, ದುಡ್ಡು ಕೇಳುವುದಿಲ್ಲ, ಕನ್ನಡದಲ್ಲಿ ಮಾತಾಡಬಹುದು.